ಮೂರನೆಯ ಸೀರೆ

ಸಂಕ್ರಾಂತಿ ಕಳೆದು ಒಂದು ವಾರವಾಗಿತ್ತು. ಇಬ್ಬನಿ ಆರುವ ತನಕ ಕಣದಲ್ಲಿ ರಾಗಿ ಹರಡುವಂತಿರಲಿಲ್ಲ. ತೆನೆ ಹಸಿಯಾಗಿದ್ದರೆ ಒಕ್ಕುವ ಗುಂಡು ಎಷ್ಟು ಸುತ್ತು ಹಾಕಿದರೂ ಕಾಳು ಬಿಡುವುದಿಲ್ಲ. ಆದರೂ ಅಕ್ಕಯಮ್ಮ ನಸುಕಿನಲ್ಲೇ ಎದ್ದು ಕಣ ಗುಡಿಸಿದಳು. ಬಿರುಕು ಬಿಟ್ಟಿದ್ದ ಕಡೆ ಸಗಣಿ ಬಳಿದಳು. ಹಿಂದಿನ ದಿನ ಒಕ್ಕಿ ರಾಶಿ ಮಾಡಿದ್ದ ರಾಗಿಯ ಮೇಲೆ ಗೋಣಿತಾಟು ಹೊದಿಸಿ, ಸುತ್ತಲೂ ಬೂದಿಯ ಗೆರೆ ಎಳೆದಳು. ಅಷ್ಟರಲ್ಲಿ ಅವಳ ಮೈದುನ ಚನ್ನರಾಯಪ್ಪ ಎತ್ತುಗಳನ್ನು ಕೊಟ್ಟಿಗೆಯಿಂದ ಹೊರಗೆ ತಂದು ಕಟ್ಟಿದ್ದ. ಕಲ್ಲಿನ ಗುಂಡು ಕಣದ ಅಂಚಿನಲ್ಲಿ ಸುಮ್ಮನೆ ಬಿದ್ದಿತ್ತು. ಆ ದಿನ ಗುಂಡು ಹೂಡುವುದಿಲ್ಲ, ಮುಳಬಾಗಿಲಿಗೆ ಹೋಗಿ ಬರುವುದು ಎಂದು ಮೊದಲೇ ತೀರ್ಮಾನವಾಗಿತ್ತು.

"ಎತ್ತಿಗೆ ನೀರು ಕುಡಿಸಿದ್ರಾ ಕೇಳೇ," ಎಂದು ಅಕ್ಕಯಮ್ಮ ಮಗಳಿಗೆ ಹೇಳಿದಳು.

ಮಗಳು ಭಾರತಮ್ಮ ಜಗಲಿಯ ಮೇಲೆ ಕೂತು ಕೂಸಿಗೆ ಹಾಲು ಕುಡಿಸುತ್ತಿದ್ದಳು. ಚನ್ನರಾಯಪ್ಪ ಎರಡು ಮಾರು ದೂರದಲ್ಲೇ ನಿಂತಿದ್ದ.

"ಕುಡಿಸಾಯ್ತು ಅಂತ ಹೇಳಮ್ಮ ನಿಮ್ಮಮ್ಮನಿಗೆ," ಎಂದ.

"ಇಬ್ಬರಿಗೂ ಕಿವಿ ಕೇಳಿಸ್ತದಲ್ಲ ಚಿಕ್ಕಪ್ಪ. ನನ್ನ ಯಾಕೆ ನಡುವೆ ತೂಬು ಮಾಡ್ಕೊಂಡಿದೀರ?"

ಯಾರೂ ನಗಲಿಲ್ಲ. ಮೂರು ತಿಂಗಳಿಂದ ಆ ಮನೆಯ ಮಾತು ಹೀಗೇ ನಡೆಯುತ್ತಿತ್ತು.

ಆ ಊರು ಶ್ರೀನಿವಾಸಪುರದಿಂದ ಮುಳಬಾಗಿಲಿಗೆ ಹೋಗುವ ದಾರಿಯಲ್ಲಿತ್ತು. ಅಕ್ಕಯಮ್ಮನ ಗಂಡ ತೀರಿಕೊಂಡ ಮೇಲೂ ಅವಳು ಮೈದುನನ ಸಂಸಾರದ ಜೊತೆ ಒಂದೇ ಅಂಗಳದಲ್ಲಿದ್ದಳು; ಹೊಲ, ಹಿಪ್ಪುನೇರಳೆ ತೋಟ, ರೇಷ್ಮೆ ಹುಳುವಿನ ಕೆಲಸ ಎಲ್ಲ ಒಟ್ಟಿಗೇ. ತೋಟದ ನಡುವೆ ಸೊಂಟದ ಎತ್ತರಕ್ಕೆ ಒಂದು ಕಲ್ಲು ನಿಂತಿತ್ತು. ಅದರ ಮೇಲೆ ಮೂರು ಆಕಾರಗಳಿದ್ದವು, ನಡುವೆ ಕೂತಿದ್ದ ಒಂದು, ಅಕ್ಕಪಕ್ಕ ನಿಂತಿದ್ದ ಎರಡು. ಎಷ್ಟೋ ತಲೆಮಾರು ಸುರಿದ ಎಣ್ಣೆ, ಬಳಿದ ಅರಿಶಿನ ಕುಂಕುಮ ಸೇರಿ ಅವುಗಳ ಮೇಲೆ ತೊಗಟೆಯ ಹಾಗೆ ಕಟ್ಟಿಕೊಂಡು, ಕಣ್ಣು ಮೂಗು ಯಾವುದೆಂದು ಕಾಣುತ್ತಿರಲಿಲ್ಲ. ಊರವರು ಆ ಮೂವರನ್ನು ಅಕ್ಕಯ್ಯಗಾರು ಎನ್ನುತ್ತಿದ್ದರು. ಮೂವರು ಅಕ್ಕತಂಗಿಯರು, ಬಸುರಿ ಬಾಣಂತಿಯರನ್ನು ಕಾಯುವವರು. ಊರಿನ ಅರ್ಧ ಹೆಂಗಸರಿಗೆ ಅವರ ಹೆಸರೇ ಇತ್ತು, ಅಕ್ಕಯಮ್ಮನಿಗೂ.

ಭಾರತಮ್ಮನನ್ನು ನಂಗಲಿಗೆ ಕೊಟ್ಟಿದ್ದರು. ಎರಡು ಸಲ ಬಸುರು ನಿಲ್ಲಲಿಲ್ಲ. ಮೂರನೆಯ ಸಲ ಅಕ್ಕಯಮ್ಮ ಕಲ್ಲಿನ ಮುಂದೆ ನಿಂತು, ಮಗು ಕೈಗೆ ಬಂದರೆ ಮೂವರಿಗೂ ಒಂದೊಂದು ಸೀರೆ ಉಡಿಸುತ್ತೇನೆ ಎಂದು ಹರಕೆ ಹೊತ್ತಳು. ಕೋಲಾರದ ದೊಡ್ಡಾಸ್ಪತ್ರೆಯಲ್ಲಿ ಹೆಣ್ಣುಮಗುವಾಯಿತು. ಅಕ್ಕಯಮ್ಮ ಮಗಳ ಜೊತೆ ಆಸ್ಪತ್ರೆಯಲ್ಲಿದ್ದ ಆ ದಿನಗಳಲ್ಲೇ ಊರಿಗೆ ಜೀಪಿನಲ್ಲಿ ಸರ್ಕಾರದವರು ಬಂದರು. ಮುಳಬಾಗಿಲ ಕೋಟೆಯಲ್ಲಿ ಶಿಲ್ಪಗಳ ಪ್ರದರ್ಶನ ಮಾಡುತ್ತೇವೆ, ಹೊಲಗದ್ದೆಯಲ್ಲಿ ಬಿದ್ದಿರುವ ಹಳೆಯ ಕಲ್ಲುಗಳನ್ನು ಒಂದು ಕಡೆ ತಂದು ನಿಲ್ಲಿಸುತ್ತೇವೆ, ಮುಗಿದ ಮೇಲೆ ವಾಪಸು ತಂದುಕೊಡುತ್ತೇವೆ ಎಂದರು. ಆ ಕಲ್ಲಿನಿಂದಾಗಿ ಚನ್ನರಾಯಪ್ಪ ಪ್ರತಿಸಲ ನೇಗಿಲನ್ನು ಸುತ್ತುಹಾಕಿಸಿ ಹೊಡೆಯಬೇಕಾಗುತ್ತಿತ್ತು. ಅವನೇ ಎತ್ತು ಕಟ್ಟಿ, ಕಲ್ಲನ್ನು ಎಳೆಸಿ, ಲಾರಿಗೆ ಹತ್ತಿಸಲು ಹೆಗಲು ಕೊಟ್ಟ. ಅಕ್ಕಯಮ್ಮ ಬಂದು ನೋಡುವಾಗ ಆ ಜಾಗದಲ್ಲಿ ಹಿಪ್ಪುನೇರಳೆ ಕಡ್ಡಿ ನೆಟ್ಟಾಗಿತ್ತು. ಅವಳು ಜಗಳವಾಡಲಿಲ್ಲ. ಅವತ್ತಿನಿಂದ ಅವನ ಜೊತೆ ಮಾತು ಬಿಟ್ಟಳು.

ಹರಕೆ ತೀರದೆ ಸೊಸೆಯನ್ನೂ ಮಗುವನ್ನೂ ಕರೆದುಕೊಂಡು ಹೋಗುವುದಿಲ್ಲವೆಂದು ನಂಗಲಿಯ ಬೀಗಿತ್ತಿ ದೊಡ್ಡಗಂಗಮ್ಮ ಹೇಳಿ ಕಳಿಸಿದ್ದಳು. ಅದು ಹಟದ ಮಾತಾಗಿರಲಿಲ್ಲ. ಅವಳ ಚೊಚ್ಚಲ ಮಗು, ಒಂದು ಹರಕೆ ಬಾಕಿ ಇದ್ದಾಗಲೇ ಹೋಗಿತ್ತು. ಬಾಕಿ ಇಟ್ಟುಕೊಂಡು ಕೂಸನ್ನು ಹೊಸಲು ದಾಟಿಸುವುದು ಅವಳಿಂದಾಗುತ್ತಿರಲಿಲ್ಲ. ಮೂರು ತಿಂಗಳಾದರೂ ಕೂಸಿಗೆ ಹೆಸರಿಟ್ಟಿರಲಿಲ್ಲ. ಎಲ್ಲರೂ ಪಾಪ ಎಂದೇ ಕರೆಯುತ್ತಿದ್ದರು. ಕೊನೆಗೆ, ಕಲ್ಲು ಎಲ್ಲಿದೆಯೋ ಅಲ್ಲಿಗೇ ಹೋಗಿ ಸೀರೆ ಕೊಟ್ಟು, ಅಲ್ಲಿಂದಲೇ ದೊಡ್ಡಗಂಗಮ್ಮ ತಾಯಿ ಮಗುವನ್ನು ಕರೆದೊಯ್ಯುವುದು ಎಂದು ಒಪ್ಪಂದವಾಯಿತು. ಚನ್ನರಾಯಪ್ಪನ ಹೆಂಡತಿ ಹುಳುವಿಗೆ ಸೊಪ್ಪು ಹಾಕಲು ಮನೆಯಲ್ಲಿ ಉಳಿದಳು.

ಬಸ್ಸಿನಲ್ಲಿ ಅಕ್ಕಯಮ್ಮ ಸೀರೆಗಳ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಹಸಿರಿನದೊಂದು, ಕೆಂಪಿನದೊಂದು, ಅರಿಶಿನ ಬಣ್ಣದ್ದೊಂದು, ಮೂರೂ ನೂಲಿನವು. ಇನ್ನೊಂದು ಚೀಲದಲ್ಲಿ ರಾಗಿರೊಟ್ಟಿ, ಹುಚ್ಚೆಳ್ಳಿನ ಚಟ್ನಿ, ಎಣ್ಣೆಯ ಸೀಸೆ, ತೆಂಗಿನಕಾಯಿ ಇದ್ದವು. ಚನ್ನರಾಯಪ್ಪ ಹಿಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಮಾವಿನ ತೋಪುಗಳಲ್ಲಿ ಹೂ ಬಿಟ್ಟಿರುವುದನ್ನು ನೋಡುತ್ತಿದ್ದ. ಒಂದೆರಡು ಸಲ ಮುಂದಕ್ಕೆ ಬಾಗಿ ಏನೋ ಹೇಳಲು ಹೋಗಿ ಸುಮ್ಮನಾದ.

ಮುಳಬಾಗಿಲ ಬಸ್‌ ನಿಲ್ದಾಣದಲ್ಲಿ ದೊಡ್ಡಗಂಗಮ್ಮ ಆಗಲೇ ಬಂದು ಕಾಯುತ್ತಿದ್ದಳು. ದಪ್ಪನೆಯ ಹೆಂಗಸು. ತೆಲುಗು ಬೆರೆಸಿ ಮಾತಾಡುತ್ತಿದ್ದಳು.

"ಏಮ್ಮಾ ಬೀಗಿತ್ತಿ, ಇಷ್ಟು ತಡ? ನಾನು ಬಂದು ಎರಡು ಸಲ ಟೀ ಕುಡಿದಾಯ್ತು." ಕೂಸನ್ನು ತೆಗೆದುಕೊಂಡು ಗಲ್ಲ ಹಿಡಿದು ನೋಡಿದಳು. "ಮೂಗು ಮಾತ್ರ ನಮ್ಮದು. ಉಳಿದಿದ್ದೆಲ್ಲ ನಿಮ್ಮದೇ."

"ಮೂಗು ಒಂದಿದ್ರೆ ಸಾಕು ಬಿಡಿ, ಅಷ್ಟಗಲ ಇದೆ," ಎಂದ ಚನ್ನರಾಯಪ್ಪ.

"ನೋಡಿದ್ಯೇನೇ ಭಾರತಿ, ನಿಮ್ಮ ಚಿಕ್ಕಪ್ಪನ ಬಾಯಿ. ಕಲ್ಲು ಕಳಿಸಿದ ಹಾಗೆ ಇವರನ್ನೂ ಲಾರಿ ಹತ್ತಿಸಬೇಕಾಗಿತ್ತು."

ಅಕ್ಕಯಮ್ಮನ ತುಟಿ ಸ್ವಲ್ಪ ಅಲುಗಿತು.

ಬೆಟ್ಟದ ಬುಡದಲ್ಲಿ, ಹಳೆಯ ಕೋಟೆಗೋಡೆಯ ಒಳಗಿನ ಬಯಲನ್ನು ಗಿಡಗಂಟಿ ತೆಗೆಸಿ ಚೊಕ್ಕಟ ಮಾಡಿದ್ದರು. ಬಾಗಿಲಲ್ಲಿ ಬಟ್ಟೆಯ ಮೇಲೆ ಶಿಲ್ಪ ಪ್ರದರ್ಶನ ಎಂದು ಬರೆದು ಕಟ್ಟಿದ್ದರು. ಹೊರಗೆ ಕಡಲೆಕಾಯಿಯವರು, ಐಸ್‌ಕ್ಯಾಂಡಿಯ ಸೈಕಲ್ಲು, ಸಾಲಾಗಿ ನಿಂತಿದ್ದ ಸ್ಕೂಲು ಮಕ್ಕಳು. ಒಳಗೆ ಬಯಲಿನ ತುಂಬ ಕಲ್ಲುಗಳಿದ್ದವು. ಮುಂದಿನ ಭಾಗದಲ್ಲಿ ಬೆಂಗಳೂರಿನ ಕಲಾವಿದರು ಮಾಡಿದ್ದು, ನಡುವೆ ಶಿವಾರಪಟ್ಟಣದ ಶಿಲ್ಪಿಗಳ ವಿಗ್ರಹಗಳು, ಹಿಂದೆ ಗೋಡೆಗೆ ಹತ್ತಿರ ಹಳ್ಳಿಗಳಿಂದ ತಂದ ಹಳೆಯ ಕಲ್ಲುಗಳು.

ದೊಡ್ಡಗಂಗಮ್ಮ ಮೊದಲನೆಯ ಕಲ್ಲಿನ ಮುಂದೆ ನಿಂತಳು. ಆಳೆತ್ತರದ ಬಂಡೆ, ನಡುವೆ ಒಂದು ದೊಡ್ಡ ತೂತು. ತೂತಿನಲ್ಲಿ ಬೆಟ್ಟ ಕಾಣುತ್ತಿತ್ತು.

"ಇದ್ಯಾವ ದೇವರು?"

"ಬೆಂಗಳೂರಿನ ದೇವರಂತೆ," ಎಂದ ಚನ್ನರಾಯಪ್ಪ.

"ಪಾಪ, ಹೊಟ್ಟೇನೇ ಇಲ್ಲ," ಎಂದು ಅವಳು ಮುಂದೆ ನಡೆದಳು.

ಶಿವಾರಪಟ್ಟಣದವರ ಕಡೆ ಜನ ಹೆಚ್ಚಿದ್ದರು. ಟಾರ್ಪಾಲಿನ ಕೆಳಗೆ ಒಬ್ಬ ಶಿಲ್ಪಿ ನಂದಿಯ ಗಂಟೆಸರವನ್ನು ಕೊರೆಯುತ್ತಿದ್ದ. ಉಳಿಯ ಸದ್ದು ಒಂದೇ ಸಮನೆ ಕೇಳುತ್ತಿತ್ತು. ಪಕ್ಕದಲ್ಲಿ ಕಪ್ಪುಕಲ್ಲಿನ ಅಮ್ಮನವರ ವಿಗ್ರಹ ನಿಂತಿತ್ತು. ದೊಡ್ಡಗಂಗಮ್ಮ ಚಪ್ಪಲಿ ಬಿಟ್ಟು ಕೈ ಮುಗಿದಳು.

"ಇನ್ನೂ ದೇವರಾಗಿಲ್ಲಮ್ಮ," ಎಂದ ಶಿಲ್ಪಿ, ತಲೆ ಎತ್ತದೆ. "ಕಣ್ಣು ತೆರೆದಿಲ್ಲ. ಗುಡಿಗೆ ಹೋದ ಮೇಲೆ ತೆರೆಯೋದು."

ದೊಡ್ಡಗಂಗಮ್ಮ ಬಾಗಿ ನೋಡಿದಳು. ಕಣ್ಣಿನ ಜಾಗ ನುಣ್ಣಗಿತ್ತು. ಮುಗಿದ ಕೈಯನ್ನು ಏನು ಮಾಡುವುದೆಂದು ತೋಚದೆ ಸೆರಗಿಗೆ ಒರೆಸಿಕೊಂಡಳು.

"ಹಂಗಾದ್ರೆ ಬೀಗಿತ್ತಿ, ಒಂದು ಮಾತು ಕೇಳ್ತೀನಿ," ಎಂದು ಅಕ್ಕಯಮ್ಮನ ಕಡೆ ತಿರುಗಿದಳು. "ಇದು ಗುಡಿಗೆ ಹೋಗೋ ತನಕ ದೇವರಲ್ಲ. ನಿಮ್ಮದು ಜಾಗ ಬಿಟ್ಟು ಬಂದಿದೆ. ಕದಲಿಸಿದ ಮೇಲೆ ಅದರಲ್ಲಿ ಅವರು ಇರ್ತಾರಾ?"

ಈ ಮಾತನ್ನು ಅಕ್ಕಯಮ್ಮನೂ ಎಷ್ಟೋ ಸಲ ತನ್ನೊಳಗೇ ಕೇಳಿಕೊಂಡಿದ್ದಳು.

"ನಾವು ಮದುವೆ ಆಗಿ ಜಾಗ ಬಿಟ್ಟು ಬರ್ಲಿಲ್ವಾ? ಬಂದೋರು ನಾವೇ ತಾನೇ. ಬೇರೆ ಯಾರೋ ಆಗ್ಲಿಲ್ಲವಲ್ಲ."

"ಸರ್ಲೇ," ಎಂದಳು ದೊಡ್ಡಗಂಗಮ್ಮ. ಉತ್ತರ ಅವಳಿಗೆ ಸರಿಕಂಡಿತು.

ಹಳೆಯ ಕಲ್ಲುಗಳ ಸಾಲು ಗೋಡೆಯ ನೆರಳಿನಲ್ಲಿತ್ತು. ಎಲ್ಲವನ್ನೂ ನೀರು ಹಾಕಿ ತಿಕ್ಕಿ ತೊಳೆದು, ಬುಡಕ್ಕೆ ಸಿಮೆಂಟು ಹಾಕಿ ನಿಲ್ಲಿಸಿದ್ದರು. ಎಣ್ಣೆ ಕುಂಕುಮ ಹೋಗಿ ಅವೆಲ್ಲ ಒಂದೇ ಬೂದಿಬಣ್ಣಕ್ಕೆ ತಿರುಗಿದ್ದವು. ಒಂದೊಂದೂ ಆಳಿಗಿಂತ ಎತ್ತರ. ಇನ್ನೂ ಹಲಗೆ ಬರೆದಿರಲಿಲ್ಲ. ಮೂಲೆಯಲ್ಲಿ ಸುಣ್ಣದಿಂದ ಸಂಖ್ಯೆ ಮಾತ್ರ ಹಾಕಿದ್ದರು. ಕಾವಲುಗಾರ ಸೊಣ್ಣಪ್ಪ ಎಂಬವನು ಖಾಕಿ ಅಂಗಿ ಹಾಕಿಕೊಂಡು ಸ್ಟೂಲಿನ ಮೇಲೆ ಕೂತು ಬೀಡಿ ಸೇದುತ್ತಿದ್ದ.

ಅಕ್ಕಯಮ್ಮ ಸಾಲಿನ ತುದಿಯಲ್ಲೇ ನಿಂತುಬಿಟ್ಟಳು. ಅವಳಿಗೆ ಗೊತ್ತಿದ್ದದ್ದು ಸೊಂಟದೆತ್ತರದ, ಎಣ್ಣೆ ಕುಡಿದು ಕಪ್ಪಾದ ಒಂದು ಕಲ್ಲು. ಅಂಥದ್ದು ಅಲ್ಲಿ ಒಂದೂ ಇರಲಿಲ್ಲ.

"ಈ ಕಡೆ ಬನ್ನಿ," ಎಂದು ಚನ್ನರಾಯಪ್ಪ ಬೇಗ ಬೇಗ ಮುಂದೆ ಹೋದ. ಸಾಲಿನ ಕೊನೆಯ ಕಲ್ಲಿನ ಹತ್ತಿರ ನಿಂತು ತೋರಿಸಿದ. "ಇದೇ. ನೋಡಿ, ಮೂವರೂ ಇದ್ದಾರೆ."

ಆ ಕಲ್ಲಿನಲ್ಲಿ ಮೂವರು ಹೆಂಗಸರು ಸ್ಪಷ್ಟವಾಗಿ ಕೂತಿದ್ದರು. ಒಬ್ಬಳ ತೊಡೆಯ ಮೇಲೆ ಮಗುವೂ ಇತ್ತು.

"ಅಯ್ಯೋ, ಎಷ್ಟು ಲಕ್ಷಣವಾಗಿದ್ದಾರೆ," ಎಂದಳು ದೊಡ್ಡಗಂಗಮ್ಮ. "ಮಗು ಬೇರೆ ಇದೆ. ಇನ್ನೇನು ಬೇಕು. ತೆಗೀಮ್ಮಾ ಸೀರೆ."

ಭಾರತಮ್ಮ ಗಂಟಿಗೆ ಕೈ ಹಾಕಿದಳು. ಅಕ್ಕಯಮ್ಮ ಮಾತ್ರ ಕಲ್ಲಿನ ಹತ್ತಿರ ಹೋಗಿ, ಕೈ ಎತ್ತಿ ಅದರ ನೆತ್ತಿಯ ಮೇಲೆ ಅಂಗೈ ಇಟ್ಟು, ಕೆಳಗೆ ಸವರಿದಳು. ದಿನಾ ಎಣ್ಣೆ ಹಚ್ಚುವಾಗ ಸವರುತ್ತಿದ್ದ ಹಾಗೆ.

"ಮುಟ್ಟಬಾರದಮ್ಮ," ಎಂದ ಸೊಣ್ಣಪ್ಪ ಕೂತಲ್ಲಿಂದಲೇ.

"ಇದಲ್ಲ," ಎಂದಳು ಅಕ್ಕಯಮ್ಮ.

ಚನ್ನರಾಯಪ್ಪ ನೆಲ ನೋಡಿದ. "ಇದೇ ಅಂತ ಹೇಳಮ್ಮ ಭಾರತಿ. ತೊಳೆದಿದ್ದಾರೆ, ಅದಕ್ಕೇ ಬೇರೆ ಥರ ಕಾಣ್ತದೆ. ಎಳೆಸಿದೋನು ನಾನು, ನನಗೆ ಗೊತ್ತಿಲ್ವಾ?"

ಭಾರತಮ್ಮ ತಾಯಿಯ ಕಿವಿಯ ಹತ್ತಿರ ಬಾಗಿದಳು. "ಅಮ್ಮಾ, ಸುಮ್ನಿರು. ಇದೇ ಅನ್ನು. ನಮ್ಮತ್ತೆ ಒಪ್ಕೊಂಡಿದ್ದಾರೆ. ಸಂಜೆ ಬಸ್ಸಿಗೆ ನಾನು ಮನೆ ಸೇರ್ಕೊತೀನಿ."

ಅಕ್ಕಯಮ್ಮ ಮಗಳ ಮುಖ ನೋಡಿದಳು. ಮೂರು ತಿಂಗಳಲ್ಲಿ ಅಳಿಯ ಎರಡೇ ಸಲ ಬಂದು ಹೋಗಿದ್ದ. ಮಗುವಿಗೆ ಹೆಸರೂ ಇಡದೆ ಬಾಣಂತಿ ತವರಿನಲ್ಲೇ ಉಳಿದರೆ ಊರಿನವರು ಏನೇನು ಕೇಳುತ್ತಾರೋ ಅದನ್ನೆಲ್ಲ ಕೇಳಿಯೂ ಆಗಿತ್ತು. ಮಗಳ ಮಾತು ತಪ್ಪಾಗಿ ಕಾಣಲಿಲ್ಲ. ಆದರೂ ಅವಳು ಗಂಟನ್ನು ಮಗಳ ಕೈಯಿಂದ ತೆಗೆದುಕೊಂಡು ಕಂಕುಳಲ್ಲಿ ಇಟ್ಟುಕೊಂಡಳು.

"ಬೇರೆಯವರ ಬಾಗಿಲಲ್ಲಿ ಕೊಟ್ಟರೆ ನಮ್ಮ ಬಾಕಿ ತೀರ್ತದೇನೇ?"

ಅವಳು ಸಾಲಿನ ಆ ತುದಿಯಿಂದ ಶುರುಮಾಡಿ ಒಂದೊಂದೇ ಕಲ್ಲಿನ ನೆತ್ತಿಗೆ ಕೈ ಎತ್ತಿ ಸವರುತ್ತ ಬಂದಳು. ಕೆಲವು ಎಟುಕಲಿಲ್ಲ, ತುದಿಗಾಲಲ್ಲಿ ನಿಂತಳು. ಸೊಣ್ಣಪ್ಪ ಮತ್ತೊಮ್ಮೆ "ಮುಟ್ಟಬಾರದು" ಎಂದು, ಆಮೇಲೆ ಬೀಡಿ ಆರಿಸಿ, ಏನು ಹುಡುಕುತ್ತಿದ್ದಾಳೆಂದು ನೋಡಲು ಎದ್ದು ಬಂದ. ಒಂದು ಕಲ್ಲಿನ ಹತ್ತಿರ ಅವಳ ಕೈ ನಿಂತಿತು. ನೆತ್ತಿಯ ಮೇಲೆ, ಅವಳು ದಿನಾ ಬತ್ತಿ ಇಡುತ್ತಿದ್ದ ಗುಳಿ ಇತ್ತು. ಅದರೊಳಗೆ ಬೆರಳು ಹಾಕಿ ತೆಗೆದಳು. ತಿಕ್ಕುವವರ ಬ್ರಷ್ಷು ಅಲ್ಲಿಗೆ ಹೋಗಿರಲಿಲ್ಲ. ಬೆರಳಿಗೆ ಎಣ್ಣೆಮಸಿ ಅಂಟಿತ್ತು.

"ಇದು," ಎಂದಳು.

ಎಲ್ಲರೂ ಬಂದು ನೋಡಿದರು. ಕಲ್ಲನ್ನು ಮೂರು ಅಂಕಣವಾಗಿ ಕೊರೆದಿದ್ದರು. ತೋಟದಲ್ಲಿ ಮಣ್ಣಿನ ಮೇಲೆ ಇದ್ದದ್ದು ಮೇಲಿನ ಒಂದು ಅಂಕಣ ಮಾತ್ರ. ಉಳಿದೆರಡು ಎಷ್ಟೋ ಕಾಲದಿಂದ ಮಣ್ಣೊಳಗಿದ್ದುದರಿಂದ ಚೂರೂ ಸವೆಯದೆ ನಿನ್ನೆ ಕೊರೆದ ಹಾಗಿದ್ದವು. ಕೆಳಗೆ ಹಸುಗಳು ಒಂದರ ಹಿಂದೆ ಒಂದು ನಿಂತಿದ್ದವು. ಅವುಗಳ ಮುಂದೆ ಒಬ್ಬ ಗಂಡಸು ಬಿಲ್ಲು ಎಳೆದಿದ್ದ. ಅವನಿಗೆ ಮೀಸೆ ಇತ್ತು. ಎದೆಗೂ ತೊಡೆಗೂ ಬಾಣ ನೆಟ್ಟಿತ್ತು. ನಡುವಿನ ಅಂಕಣದಲ್ಲಿ ಅದೇ ಮೀಸೆಯವನನ್ನು ಇಬ್ಬರು ಹೆಂಗಸರು ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಿದ್ದರು. ಮೇಲೆ ಅವನು ಕೂತಿದ್ದ. ಆ ಇಬ್ಬರು ಅಕ್ಕಪಕ್ಕ ನಿಂತು ಚಾಮರ ಬೀಸುತ್ತಿದ್ದರು.

"ದನ ಬಿಡಿಸೋಕೆ ಹೋಗಿ ಸತ್ತೋನು," ಎಂದ ಸೊಣ್ಣಪ್ಪ. "ಮೂರು ಕಡೆ ಇರೋನೂ ಒಬ್ಬನೇ. ಇಬ್ಬರು ದೇವಲೋಕದ ಹೆಂಗಸರು. ದಿನಾ ಬಂದೋರಿಗೆಲ್ಲ ಸಾಹೇಬ್ರು ಹೇಳ್ತಾರಲ್ಲ, ಕೇಳಿ ಕೇಳಿ ನನಗೂ ಬಾಯಿಪಾಠ ಆಗಿದೆ."

ದೊಡ್ಡಗಂಗಮ್ಮ ಮೇಲಿನ ಅಂಕಣದ ನಡುವಿನ ಆಕಾರವನ್ನು ದಿಟ್ಟಿಸಿ ನೋಡಿದಳು. ತೊಳೆದ ಮೇಲೆ ಸವೆದ ಮುಖದಲ್ಲೂ ಮೀಸೆಯ ಗುರುತು ಕಾಣುತ್ತಿತ್ತು.

"ಈಯನ ಮೊಗೋಡು ಕದಾ," ಎಂದಳು. "ಗಂಡಸು ಕಣಮ್ಮಾ ಇವನು. ಇಷ್ಟು ಕಾಲ ಗಂಡಸಿಗೆ ಅರಿಶಿನ ಹಚ್ಚಿ ಬಳೆ ತೊಡಿಸಿದ್ರಾ ನೀವು?"

ಭಾರತಮ್ಮನಿಗೆ ನಗು ಬಂತು. ಸೆರಗು ಬಾಯಿಗೆ ಹಿಡಿದಳು. ಅಕ್ಕಯಮ್ಮ ನಗಲಿಲ್ಲ. ಅವಳು ಚನ್ನರಾಯಪ್ಪನ ಕಡೆ ತಿರುಗಿದಳು.

"ನಿನಗೆ ಗೊತ್ತಿತ್ತಾ?"

ಮೂರು ತಿಂಗಳಲ್ಲಿ ಅವಳು ಅವನಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

"ಗೊತ್ತಿತ್ತು ಅತ್ತಿಗೆ. ಲಾರಿಗೆ ಎತ್ತುವಾಗ ಮಣ್ಣು ಉದುರಿತು. ಮೀಸೆ ಕಾಣ್ತು."

"ಹೇಳ್ಬಾರ್ದಾಗಿತ್ತಾ?"

"ಯಾರ ಹತ್ರ ಹೇಳ್ಲಿ? ನೀವು ಮಾತಾಡ್ತಿರಲಿಲ್ಲ." ಅವನು ಹೆಗಲ ಟವಲ್ಲನ್ನು ಸರಿಮಾಡಿಕೊಂಡ. "ಮಗು ಮನೆ ಸೇರ್ಲಿ ಅಂತ ಆ ಕಲ್ಲು ತೋರಿಸ್ದೆ. ಹೋದ ವಾರ ನಾನೊಬ್ಬನೇ ಬಂದು ನೋಡ್ಕೊಂಡು ಹೋಗಿದ್ದೆ."

ಅಕ್ಕಯಮ್ಮ ಕಲ್ಲಿನ ಮುಂದೆ ನೆಲದ ಮೇಲೆ ಕೂತು ಗಂಟು ಬಿಚ್ಚಿದಳು. ತಾನು ವಿಧವೆಯಾದ್ದರಿಂದ ಮಗಳ ಕೈಯಲ್ಲೇ ಕೊಡಿಸಬೇಕಿತ್ತು. ಎಣ್ಣೆ ಸೀಸೆಯನ್ನು ಕಂಡ ಸೊಣ್ಣಪ್ಪ ಅಡ್ಡ ಬಂದ.

"ಎಣ್ಣೆ ಬೇಡ. ಕುಂಕುಮ ಬೇಡ. ಕಾಯಿ ಒಡೆಯೋ ಹಾಗಿಲ್ಲ. ತೊಳೆಯೋಕೆ ಎಂಟು ದಿನ ಹಿಡಿದಿದೆ ಇದೊಂದಕ್ಕೇ."

"ಸೀರೆ?"

ಸೊಣ್ಣಪ್ಪ ಯೋಚಿಸಿದ. ಸೀರೆಯ ವಿಚಾರ ಅವನಿಗೆ ಯಾರೂ ಹೇಳಿರಲಿಲ್ಲ. "ಬಟ್ಟೆ ಆದ್ರೆ ಅಂಟಲ್ಲ. ಬೇಗ ಮುಗಿಸಿ. ಸಾಹೇಬ್ರು ಊಟಕ್ಕೆ ಹೋಗಿದ್ದಾರೆ."

ಭಾರತಮ್ಮ ಹಸಿರು ಸೀರೆಯನ್ನು ಮಡಿಕೆಯಲ್ಲೇ ಎಡಗಡೆಯ ಹೆಂಗಸಿನ ಹೆಗಲಿಗೆ ಏರಿಸಿದಳು. ಕೆಂಪನ್ನು ಬಲಗಡೆಯವಳಿಗೆ. ಎರಡೂ ಜಾರಿ ಬೀಳದಂತೆ ಚನ್ನರಾಯಪ್ಪ ಕೈ ಒತ್ತಿ ಹಿಡಿದ. ಕೂಸನ್ನು ಕಲ್ಲಿಗೆ ತೋರಿಸಿ, ಅದರ ಹಣೆಯನ್ನು ಒಂದು ಕ್ಷಣ ಕಲ್ಲಿಗೆ ತಾಗಿಸಿದರು. ತಣ್ಣಗಿದ್ದುದಕ್ಕೆ ಕೂಸು ಬೆಚ್ಚಿ ಅತ್ತಿತು.

ಅರಿಶಿನ ಬಣ್ಣದ ಸೀರೆ ಅಕ್ಕಯಮ್ಮನ ತೊಡೆಯ ಮೇಲೆ ಉಳಿಯಿತು.

"ಅದು?" ಎಂದಳು ದೊಡ್ಡಗಂಗಮ್ಮ.

"ಟವಲ್ ಕೊಡ್ಲಾ ಅವನಿಗೆ?" ಎಂದ ಚನ್ನರಾಯಪ್ಪ. "ಹೊಸದೇ ಇದು. ಗಂಡಸಿಗೆ ಗಂಡಸಿನ ಬಟ್ಟೆ."

"ಹರಕೆ ಹೊತ್ತಿದ್ದು ಸೀರೆಗೆ, ಟವಲ್‌ಗಲ್ಲ ಬೀಗ್ರೇ. ಹೆಂಗಸರಿಗೆ ಮೂರು ಸೀರೆ. ಎರಡಾಯ್ತು, ಒಂದು ಬಾಕಿ ಇದೆ." ದೊಡ್ಡಗಂಗಮ್ಮನ ದನಿ ತಮಾಷೆ ಬಿಟ್ಟಿತ್ತು. "ನಾನು ಬಾಕಿ ಇಟ್ಕೊಂಡು ಕೂಸನ್ನ ಕರ್ಕೊಂಡು ಹೋಗಲ್ಲ. ಒಂದು ಸಲ ಅನುಭವಿಸಿದ್ದೀನಿ."

ಭಾರತಮ್ಮ ಅಳುತ್ತಿದ್ದ ಕೂಸನ್ನು ಹೆಗಲಿಗೆ ಹಾಕಿಕೊಂಡು ತಟ್ಟುತ್ತ ಅತ್ತಿತ್ತ ನಡೆದಳು. ಅವಳ ಕಣ್ಣು ತುಂಬಿತ್ತು. ಅದನ್ನು ನೋಡಿ ದೊಡ್ಡಗಂಗಮ್ಮನಿಗೂ ಕಸಿವಿಸಿಯಾಯಿತು. ಅವಳು ಕಲ್ಲಿನ ಸುತ್ತ ಒಂದು ಸುತ್ತು ಬಂದು, ಬಾಗಿ, ಕೆಳಗಿನ ಅಂಕಣವನ್ನು ಮೂಲೆಯಿಂದ ಮೂಲೆಗೆ ನೋಡತೊಡಗಿದಳು. ಹಸುಗಳ ಹಿಂದೆ, ಬಲಗಡೆಯ ಅಂಚಿನಲ್ಲಿ ಒಂದು ಕಂಬ, ಕಂಬದಿಂದ ಹೊರಟ ಒಂದು ಕೈ. ಮೊಣಕೈ ಮಡಿಸಿ ಮೇಲೆತ್ತಿದ ಅಂಗೈ. ಮುಂಗೈ ತುಂಬ ಬಳೆಗಳು.

"ಇಲ್ನೋಡಮ್ಮಾ," ಎಂದು ಕೂಗಿದಳು. "ಮಾಸ್ತಮ್ಮ. ನಮ್ಮೂರ ಕೆರೆ ಏರಿ ಮೇಲೂ ಹಿಂಗೇ ಕೈ ಇದೆ, ನಾವು ಪೂಜೆ ಮಾಡ್ತೀವಿ. ಇವನ ಹೆಂಡ್ತಿ. ಗಂಡನ ಜೊತೆ ಕೊಂಡಕ್ಕೆ ಬಿದ್ದೋಳು. ಮೇಲೆ ಇಬ್ಬರು, ಕೆಳಗೆ ಒಬ್ಬಳು. ಮೂರಾಯ್ತಲ್ಲ. ನೀವು ಅಂದಿದ್ದು ಸುಳ್ಳಲ್ಲ."

ಚನ್ನರಾಯಪ್ಪನ ಮುಖ ಅರಳಿತು. ಭಾರತಮ್ಮ ಹತ್ತಿರ ಬಂದು ಆ ಕೈಯನ್ನು ನೋಡಿದಳು. ಸೊಣ್ಣಪ್ಪ "ಹೌದು, ಅದನ್ನೂ ಹೇಳ್ತಾರೆ, ನಾನು ಮರೆತಿದ್ದೆ" ಎಂದ.

ಅಕ್ಕಯಮ್ಮ ಕೂತಲ್ಲಿಂದ ಏಳಲಿಲ್ಲ. ಅವಳ ಕಣ್ಣಿನ ಎತ್ತರಕ್ಕೇ ಆ ಕೈ ಇತ್ತು. ಮಣ್ಣಿನೊಳಗಿದ್ದ ಕೈ. ಒಂದೊಂದು ಬಳೆಯನ್ನೂ ಬೇರೆ ಬೇರೆಯಾಗಿ ಕೊರೆದಿದ್ದರು. ಅವಳು ಅದನ್ನು ತುಂಬ ಹೊತ್ತು ನೋಡಿದಳು.

"ಇವಳ ಹತ್ರ ನಾನು ಏನೂ ಕೇಳಿಲ್ಲ," ಎಂದಳು ಕೊನೆಗೆ.

"ಕೇಳದಿದ್ರೂ ಇದ್ದಳಲ್ಲ ಕೆಳಗೆ. ಕೇಳಿಸ್ಕೊಂಡಿರ್ತಾಳೆ."

"ಇರಬಹುದು. ನಾನು ಕೇಳಿಲ್ಲ."

"ಎಂದುಕು ಬೀಗಿತ್ತಿ ಈ ಹಟ? ಇಂಥ ಪತಿವ್ರತೆಗೆ ಕೊಡೋಕೆ ಪುಣ್ಯ ಬೇಕು."

ಅಕ್ಕಯಮ್ಮ ಬಳೆಯಿಲ್ಲದ ತನ್ನ ಬರಿಗೈಯನ್ನು ಸೀರೆಯ ಮೇಲಿಂದ ತೆಗೆದಳು. ಗಂಡ ಸತ್ತ ವರ್ಷ ಭಾರತಮ್ಮ ಇನ್ನೂ ಲಂಗ ಹಾಕುವ ಹುಡುಗಿಯಾಗಿದ್ದಳು. ಆ ವರ್ಷವೂ ರಾಗಿ ಬಿತ್ತಿದ್ದರು, ಕಳೆ ತೆಗೆದಿದ್ದರು, ಕೊಯ್ದಿದ್ದರು.

"ಕೊಡೇ," ಎಂದು ಸೀರೆಯನ್ನು ಮಗಳ ಕಡೆ ನೂಕಿದಳು. "ನಿಮ್ಮತ್ತೆ ಹೇಳಿದ ಹಾಗೆ ಮಾಡು."

ಭಾರತಮ್ಮ ಅರಿಶಿನ ಬಣ್ಣದ ಸೀರೆಯನ್ನು ಆ ಕೈಯ ಕೆಳಗೆ ಇಟ್ಟು ನಮಸ್ಕಾರ ಮಾಡಿದಳು. ದೊಡ್ಡಗಂಗಮ್ಮ ಗಲ್ಲ ಗಲ್ಲ ಬಡಿದುಕೊಂಡಳು. ಚನ್ನರಾಯಪ್ಪನೂ ಕೈ ಮುಗಿದ. ಅಕ್ಕಯಮ್ಮ ಎಣ್ಣೆ ಸೀಸೆಯ ಬಿರಡೆ ಬಿಗಿಮಾಡುತ್ತಿದ್ದಳು. ಅವಳು ಕೈ ಮುಗಿಯಲಿಲ್ಲ.

"ತೀರ್ತು," ಎಂದಳು ದೊಡ್ಡಗಂಗಮ್ಮ, ನಿಟ್ಟುಸಿರು ಬಿಟ್ಟು. ಹಸಿರು, ಕೆಂಪು ಸೀರೆಗಳನ್ನು ಪ್ರಸಾದವೆಂದು ಇಳಿಸಿ ಮಡಿಸಿಕೊಂಡಳು. ಮೂರನೆಯದನ್ನು ಮುಟ್ಟಲಿಲ್ಲ. "ಮಾಸ್ತಮ್ಮನ ಸೀರೆ ಕೂಸಿರೋ ಮನೆಗೆ ತರಬಾರ್ದು. ಅಲ್ಲೇ ಇರ್ಲಿ."

"ಇಲ್ಲೇ ಬಿಟ್ರೆ ಯಾರಾದ್ರೂ ಎತ್ಕೊಂಡು ಹೋಗ್ತಾರೆ," ಎಂದ ಸೊಣ್ಣಪ್ಪ.

"ನೀನೇ ತಗೊಂಡು ಹೋಗಪ್ಪ, ಹೆಂಡ್ತಿಗೆ ಕೊಡು."

"ಬೇಡಮ್ಮ," ಎಂದು ಅವನು ಒಂದು ಹೆಜ್ಜೆ ಹಿಂದೆ ಸರಿದ. "ಅವಳು ನನ್ನನ್ನ ಮನೆಯೊಳಗೆ ಬಿಡಲ್ಲ."

ಸೀರೆಯನ್ನು ಆ ಕೈಯ ಕೆಳಗೇ ಬಿಟ್ಟು, ಕೋಟೆಗೋಡೆಯ ನೆರಳಿನಲ್ಲೇ ಕೂತು ರೊಟ್ಟಿ ತಿಂದರು. ಸೊಣ್ಣಪ್ಪನಿಗೂ ಎರಡು ಕೊಟ್ಟರು. ದೊಡ್ಡಗಂಗಮ್ಮ ಚಟ್ನಿಯನ್ನು ಹೊಗಳಿ ಎರಡನೆಯ ಸಲ ಹಾಕಿಸಿಕೊಂಡಳು. ಕೂಸಿಗೆ ಏನು ಹೆಸರಿಡುವುದೆಂದು ಮಾತು ನಡೆಯಿತು. ಶ್ಯಾಮಲ ಎಂದಿಡೋಣ, ನಮ್ಮತ್ತೆಯ ಹೆಸರು, ಎಂದಳು ದೊಡ್ಡಗಂಗಮ್ಮ. ಯಾರೂ ಬೇಡವೆನ್ನಲಿಲ್ಲ. ಊಟ ಮುಗಿಸಿ ಅವಳು ಮತ್ತೆ ಆ ತೂತಿನ ಕಲ್ಲಿನ ಹತ್ತಿರ ಹೋಗಿ, ಈ ಕಡೆಯಿಂದ ಆ ಕಡೆ ಕೈ ತೂರಿಸಿ ನೋಡಿ ಬಂದಳು.

ಮೂರೂವರೆಯ ಹೊತ್ತಿಗೆ ನಂಗಲಿಯ ಬಸ್ಸು ಬಂತು. ಭಾರತಮ್ಮ ಕಿಟಕಿಯಿಂದ "ಬರ್ತೀನಮ್ಮಾ" ಎಂದಳು. ಅಕ್ಕಯಮ್ಮ ಕೂಸಿನ ಕಾಲನ್ನು ಒಂದು ಸಲ ಹಿಡಿದು ಬಿಟ್ಟಳು. ಬಸ್ಸು ಹೋಯಿತು.

ಶ್ರೀನಿವಾಸಪುರದ ಬಸ್ಸಿನಲ್ಲಿ ಈ ಸಲ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಬೇರೆ ಸೀಟು ಇರಲಿಲ್ಲ. ಊರು ದಾಟಿ, ಮಾವಿನ ತೋಪುಗಳು ಶುರುವಾದವು.

"ಪ್ರದರ್ಶನ ಮುಗಿದ ಮೇಲೆ ಕಲ್ಲು ತಂದುಕೊಡ್ತಾರಂತೆ ಅತ್ತಿಗೆ," ಎಂದ ಚನ್ನರಾಯಪ್ಪ. "ನಾನು ಕೇಳ್ದೆ."

"ಬುಡಕ್ಕೆ ಸಿಮೆಂಟ್ ಹಾಕಿದ್ದಾರೆ. ತರಲ್ಲ."

ಅವನು ಒಪ್ಪಿದವನಂತೆ ತಲೆಯಾಡಿಸಿದ.

"ಹೋಗ್ಲಿ, ಹರಕೆ ತೀರ್ತಲ್ಲ. ಮಗಳು ಮನೆ ಸೇರಿದ್ಳು."

"ಅವರದು ತೀರ್ತು," ಎಂದಳು ಅಕ್ಕಯಮ್ಮ. "ನನ್ನದು ಒಂದು ಸೀರೆ ಬಾಕಿ ಇದೆ."

"ಯಾರಿಗೆ?"

ಅವಳು ಕಿಟಕಿಯಿಂದ ಹೊರಗೆ ನೋಡಿದಳು. ನಡುವೆ ಕೂತಿದ್ದ ಅಕ್ಕ ಎಂದು ಹೇಳಬಹುದಿತ್ತು. ಅಂಥವಳು ಆ ಕಲ್ಲಿನಲ್ಲಿ ಇರಲೇ ಇಲ್ಲವೆಂದು ಈಗ ಇಬ್ಬರಿಗೂ ಗೊತ್ತಿತ್ತು.

"ಕೇಳಿದ್ದು ಅವಳ ಹತ್ರ. ಮಗು ಕೊಟ್ಟಿದ್ದು ಅವಳೇ. ಬೇರೆ ಯಾರಿಗೋ ಕೊಟ್ರೆ ಹೆಂಗೆ ತೀರ್ತದೆ?"

"ಅವಳಿಗೆ ಎಲ್ಲಿ ಅಂತ ಕೊಡ್ತೀರ ಅತ್ತಿಗೆ?"

"ಗೊತ್ತಿಲ್ಲ. ರೇಷ್ಮೆಗೂಡು ಮಾರಿದ ಮೇಲೆ ಸೀರೆ ತಂದಿಟ್ಟಿರ್ತೀನಿ."

ಕಂಡಕ್ಟರು ಬಂದ. ಚನ್ನರಾಯಪ್ಪ ಇಬ್ಬರ ಟಿಕೆಟನ್ನೂ ತೆಗೆಸಿದ.